ಎಳ್ಳ ಅಮವಾಸ್ಯೆಯ ದೆವ್ವದ ಕಡಬು

ನಮ್ಮ ಮನೆಯ ಕೊನೆಯ ಸಾಧಾರಣ ದಿನದಂದು ನಾನು ಮತ್ತು ಸುವರ್ಣಾ ವಾಡಿ ಜಂಕ್ಷನ್ನಿನಲ್ಲಿ ಗಾಡಿಗಾಗಿ ಕಾಯುತ್ತ ಕುಳಿತಿದ್ದೆವು. ಸುವರ್ಣಾ ನನ್ನ ನೆಗೆಣ್ಣಿ, ಅಂದರೆ ನನ್ನ ಮೈದುನ ಶರಣಪ್ಪನ ಹೆಂಡತಿ. ಶಹಾಬಾದಿನಲ್ಲಿ ಸಂಬಂಧಿಕರ ಮನೆಯ ತೊಟ್ಟಿಲು ಕಾರ್ಯ ಮುಗಿಸಿಕೊಂಡು ಚಿತ್ತಾಪುರಕ್ಕೆ ಹೊರಟಿದ್ದೆವು. ಗಾಡಿ ತಡವಾಗಿತ್ತು, ನನ್ನ ಮೊಣಕಾಲು ನೋಯುತ್ತಿತ್ತು, ಸೆಖೆ ಬೇರೆ. ಅವಳು ಚೀಲದಲ್ಲಿ ಕೈಯಾಡಿಸಿ ಒಂದು ಹಸಿರು ಹಣಿಗೆ ತೆಗೆದಳು. ಬಾಚಣಿಗೆಗೆ ನಮ್ಮ ಕಡೆ ಹಣಿಗೆ ಅನ್ನುತ್ತೇವೆ. ಶಹಾಬಾದಿನ ಬಜಾರಿನಲ್ಲಿ ನಾನು ಬಳೆ ನೋಡುತ್ತಿದ್ದಾಗ ಅದನ್ನು ಕೊಂಡಿದ್ದಳು.

“ಮನ್ಯಾಗ ಇಷ್ಟು ಹಣಿಗಿ ಅವ, ಮತ್ತ್ಯಾಕ ತಂದಿ?” ಎಂದೆ.

“ಇದು ತಲಿಗಿ ಅಲ್ಲ ಅಕ್ಕಾ. ದೆವ್ವಕ್ಕ.”

“ದೆವ್ವಕ್ಕ ಹೆರಳು ಹಾಕಾಕಿ ಏನು?”

“ಎಲುಬು ಮಾಡ್ತೀನಿ. ನೋಡಿಲ್ಲಿ.” ಹಣಿಗೆಯ ಹಲ್ಲುಗಳನ್ನು ತನ್ನ ಅಂಗೈಗೆ ಒತ್ತಿ ಹಿಡಿದು ಬಿಟ್ಟಳು. ಸಾಲಾಗಿ ಕೆಂಪು ಗೆರೆಗಳು ಮೂಡಿದವು. “ಈ ಸಲ ಎಳ್ಳ ಅಮಾಸಿಗಿ ಎದಿ ಎಲುಬಿನ ದೆವ್ವ. ನನ್ನ ಮಗಳು ಪೂಜಾ ಹೆದರಿ ಎರಡು ಹೆಚ್ಚಿಗಿ ತಿನ್ನಬೇಕು.”

“ಅತ್ತಿ ನೋಡಿದ್ರ ಹಣಿಗಿ ಜೋಡಿ ನಿನ್ನೂ ಹೊರಗ ಒಗಿತಾರ.”

“ಒಗೀಲಿ. ಹುಣಸಿ ಗಿಡದಾಗ ಹೋಗಿ ಕುಂದ್ರತೀನಿ. ಅಲ್ಲಿ ಜಾಗಾ ಭಾಳ ಅದ.”

ನಾನು ನಕ್ಕೆ. ಪಕ್ಕದ ಬೆಂಚಿನಲ್ಲಿ ಕುಳಿತಿದ್ದ ಮುದುಕರೊಬ್ಬರು ನಮ್ಮ ಮಾತು ಕೇಳಿಸಿಕೊಂಡು ಸ್ವಲ್ಪ ದೂರ ಸರಿದು ಕುಳಿತರು. ಅದಕ್ಕೂ ನಕ್ಕೆವು. ಗಾಡಿ ಬಂದಾಗ ಅವಳ ಅಂಗೈ ಮೇಲಿನ ಗೆರೆಗಳು ಇನ್ನೂ ಮಾಸಿರಲಿಲ್ಲ. ಆ ಸಂಜೆ ತಲೆ ಭಾರ ಎಂದಳು, ಮರುದಿನ ಜ್ವರ ಬಂತು. ಚಿತ್ತಾಪುರದಲ್ಲಿ ತೋರಿಸಿದೆವು, ಇಳಿಯಲಿಲ್ಲ, ಕಲಬುರಗಿಗೆ ಕರೆದುಕೊಂಡು ಹೋದೆವು. ಅಲ್ಲಿಂದ ಅವಳು ಮನೆಗೆ ನಡೆದು ಬರಲಿಲ್ಲ. ಆಗ ಶ್ರಾವಣ ಮುಗಿಯುತ್ತ ಬಂದಿತ್ತು.

ನಾನು ಬರೆಯಲು ಕುಳಿತದ್ದು ಕಡಬಿನ ವಿಷಯ. ಆದರೆ ಹಣಿಗೆ ಮೊದಲು ಕೈಗೆ ಸಿಕ್ಕಿತು, ಅದಕ್ಕೇ ಹೀಗಾಯಿತು.

ನೀವು ಬೇರೆ ಕಡೆಯವರಾದರೆ ನಮ್ಮ ಎಳ್ಳ ಅಮವಾಸ್ಯೆ ನಿಮಗೆ ಗೊತ್ತಿರಲಿಕ್ಕಿಲ್ಲ. ಚಳಿಗಾಲದ ಆ ಒಂದು ದಿನ ನಮ್ಮ ಸೀಮೆಯ ಊರುಗಳೆಲ್ಲ ಬುಟ್ಟಿ ಹೊತ್ತು ಹೊಲಕ್ಕೆ ಹೋಗುತ್ತವೆ. ಹೊಲವಿಲ್ಲದವರು ಇದ್ದವರ ಜೊತೆ ಹೋಗುತ್ತಾರೆ. ಗಿಡದ ಕೆಳಗೆ ಐದು ಕಲ್ಲಿಟ್ಟು ಪೂಜೆ ಮಾಡಿ, ಅಡುಗೆಯನ್ನು ಮೊದಲು ಗಟ್ಟಿಯಾಗಿ ಕೂಗುತ್ತ ಬೆಳೆಯ ಸಾಲುಗಳಲ್ಲಿ ಚೆಲ್ಲುತ್ತಾರೆ. ಅದಕ್ಕೆ ಚರಗ ಅನ್ನುತ್ತೇವೆ. ಆಮೇಲೆ ಎಲ್ಲರೂ ಕೂಡಿ ಅಲ್ಲೇ ಊಟ. ಊಟದಲ್ಲಿ ಮುಖ್ಯವಾದವು ಎರಡು. ಒಂದು ಭಜ್ಜಿ. ಎಣ್ಣೆಯಲ್ಲಿ ಕರಿದದ್ದಲ್ಲ, ಹಸಿ ತೊಗರಿ, ಅವರೆ, ಕಡಲೆ, ಸಿಕ್ಕ ಸೊಪ್ಪುಗಳನ್ನೆಲ್ಲ ಹುಣಸೆಹುಳಿಯಲ್ಲಿ ಕುದಿಸಿದ ಹಸಿರು ಮಂದ ಪಲ್ಯ. ಇನ್ನೊಂದು ಸಜ್ಜೆ ಹಿಟ್ಟಿಗೆ ಎಳ್ಳು, ಉಪ್ಪು ಹಾಕಿ ಹಬೆಯಲ್ಲಿ ಬೇಯಿಸಿದ ಕಡಬು.

ಸಜ್ಜೆ ಕಡಬು ದೊಡ್ಡವರಿಗೆ ಪ್ರಾಣ. ಮಕ್ಕಳಿಗೆ ಬೇಡ. ಬೂದು ಬಣ್ಣ, ಸಿಹಿಯಿಲ್ಲ, ಗಂಟಲಲ್ಲಿ ನಿಲ್ಲುತ್ತದೆ. ಸುವರ್ಣಾಳ ಮಗಳು ಪೂಜಾ ಮೂರು ವರ್ಷದವಳಿದ್ದಾಗ ಹೊಲದಲ್ಲಿ ಅದನ್ನು ಉಗುಳಿ ಅತ್ತೆಯಿಂದ ಬೈಸಿಕೊಂಡಳು. ಮರುವರ್ಷ ಸುವರ್ಣಾ ಆ ಬೂದು ಬಣ್ಣವನ್ನೇ ಹಿಡಿದುಕೊಂಡಳು. ದೆವ್ವಕ್ಕೆ ಅದಕ್ಕಿಂತ ಒಳ್ಳೆಯ ಬಣ್ಣ ಎಲ್ಲಿ ಸಿಗಬೇಕು? ಹಿಟ್ಟನ್ನು ತಲೆ, ಮೈ ಕಾಣುವಂತೆ ತಟ್ಟಿ, ಅವರೆ ಕಾಳಿನ ಕಣ್ಣು, ಕೊಬ್ಬರಿ ಚೂರಿನ ಹಲ್ಲು, ಗಜ್ಜರಿಯ, ಅಂದರೆ ಕ್ಯಾರೆಟ್ಟಿನ ನಾಲಗೆ ಇಟ್ಟಳು. ಬೆಂದ ಮೇಲೆ ಉಳ್ಳಾಗಡ್ಡಿ ಸೊಪ್ಪಿನ ಜಡೆ ಸಿಕ್ಕಿಸಿದಳು. ಹಸಿರು ಭಜ್ಜಿಯಲ್ಲಿ ಅರ್ಧ ಮುಳುಗಿಸಿಟ್ಟರೆ ಪಾಚಿಗಟ್ಟಿದ ಬಾವಿಯಿಂದ ಏಳುತ್ತಿರುವ ಹಾಗೆ ಕಾಣುತ್ತಿದ್ದವು. ನಾನಂತೂ ನನ್ನ ತಾಟಿನದನ್ನು ಮಗ್ಗುಲಾಗಿಸಿಕೊಂಡು ತಿಂದೆ.

ಅವಳು ಚಿಂಚೋಳಿ ಕಡೆಯ ಕೊಡ್ಲಿಯವಳು. ದೆವ್ವಗಳ ವಿಷಯದಲ್ಲಿ ಅವಳಿಗೆ ನಿಯಮಗಳಿದ್ದವು. ಕಡಬನ್ನು ತಲೆಯಿಂದಲೇ ಕಡಿಯಬೇಕು, ಇಲ್ಲದಿದ್ದರೆ ರಾತ್ರಿ ಬಂದು ಕಾಲು ಜಗ್ಗುತ್ತದೆ. ಕಡಿಯುವ ಮುಂಚೆ ಹೆಸರಿಡಬೇಕು. ಮತ್ತು ಪಾತ್ರೆಯ ಮುಚ್ಚಳವನ್ನು ನಾನೇ ತೆಗೆಯಬೇಕು, ಪೂಜಾ ಒಲೆಯ ಮುಂದೆ ನಿಂತಿರಬೇಕು. ಹಬೆ ಎದ್ದ ಕೂಡಲೇ ಸುವರ್ಣಾ ಬಾಗಿಲ ಹಿಂದಿನಿಂದ ಮೂಗಿನಲ್ಲಿ ಕೂಗುತ್ತಿದ್ದಳು, “ಯಾರ ಮನ್ಯಾಗ ಹುಡುಗೂರು ಅವ?” ಗೊತ್ತಿದ್ದೂ ಪೂಜಾ ಪ್ರತಿ ವರ್ಷ ಚೀರಿ ನನ್ನ ಸೀರೆ ಹಿಡಿಯುತ್ತಿದ್ದಳು. ಗೊತ್ತಿದ್ದೂ ಪ್ರತಿ ವರ್ಷ ಮುಚ್ಚಳ ನನ್ನ ಕೈಯಿಂದ ಬೀಳುತ್ತಿತ್ತು. ಅದರ ಅಂಚಿನಲ್ಲಿ ಈಗಲೂ ನೆಗ್ಗುಗಳಿವೆ.

ನಾನು ಹೇಡಿ. ಅದಕ್ಕೆ ಕಾರಣ ಸೇಡಂ ತಾಲ್ಲೂಕಿನ ನನ್ನ ತವರೂರು ಮುಧೋಳದಲ್ಲಿದ್ದ ಅಜ್ಜಿ. ದೀಪ ಹಚ್ಚಿದ ಮೇಲೆ ಒಬ್ಬ ಹೆಂಗಸು ಮನೆಮನೆಗೆ ಬಂದು ಉಪ್ಪು ಕೇಳುತ್ತಾಳೆ, ಅವಳ ಪಾದಗಳು ಹಿಂದುಮುಂದಾಗಿರುತ್ತವೆ, ಉಪ್ಪು ಕೊಟ್ಟರೆ ಒಳಗೆ ಬರುತ್ತಾಳೆ ಎಂದು ಅಜ್ಜಿ ಹೇಳುತ್ತಿದ್ದಳು. ಕೊಡಬಾರದು ಎಂಬುದು ಅಜ್ಜಿಯ ಪಾಠ. ಆದರೆ ಅಷ್ಟು ದೂರದಿಂದ ನಡೆದು ಬಂದವಳು ಬರಿಗೈಯಲ್ಲಿ ಹೋಗಬೇಕಾದರೆ ಸಿಟ್ಟಾಗುವುದಿಲ್ಲವೇ ಎಂಬುದು ನನ್ನ ಚಿಂತೆ. ಹಾಗಾಗಿ ಸಂಜೆಯಾದರೆ ಮುಷ್ಟಿಯಲ್ಲಿ ಒಂದಿಷ್ಟು ಉಪ್ಪು ಹಿಡಿದುಕೊಂಡೇ ಇರುತ್ತಿದ್ದೆ, ಕಿಟಕಿಯಿಂದ ಎಸೆದುಬಿಡೋಣ ಎಂದು. ಬೆವರಿಗೆ ಅದು ಕರಗಿ ಅಂಗೈ ಉರಿಯುತ್ತಿತ್ತು. ಆಕೆ ಬರಲೇ ಇಲ್ಲ. ಉಪ್ಪಿನಲ್ಲಿ ನನ್ನ ಕೈ ಮಾತ್ರ ಅಂದಿನಿಂದ ಧಾರಾಳವಾಯಿತು. ನನ್ನ ಅಡುಗೆ ಉಂಡು ಅತ್ತೆ ನೀರಿನ ತಂಬಿಗೆಯನ್ನು ಸುಮ್ಮನೆ ಹತ್ತಿರ ಎಳೆದುಕೊಳ್ಳುತ್ತಾರೆ. ಮಾತಿನಲ್ಲಿ ಹೇಳಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಸುವರ್ಣಾ ಹೋದ ವರ್ಷ ಪೂಜಾಗೆ ಎಂಟು ವರ್ಷ. ಅಳಲಿಲ್ಲ. ಅತ್ತಿದ್ದರೆ ನಮಗೆ ಏನು ಮಾಡಬೇಕೆಂದು ಗೊತ್ತಾಗುತ್ತಿತ್ತು. ಪಿತೃಪಕ್ಷದ ಅಮವಾಸ್ಯೆಯ ದಿನ ಅತ್ತೆ ಹಿತ್ತಲಲ್ಲಿ ಎಲೆ ಬಡಿಸಿಟ್ಟು, “ನಿಮ್ಮವ್ವ ಅಮಾಸಿಗಿ ಬಂದು ಉಂಡು ಹೋಗ್ತಾಳ” ಎಂದರು. ಸಮಾಧಾನಕ್ಕೆ ಹೇಳಿದ ಮಾತು. ಎಲ್ಲರ ಮನೆಯಲ್ಲೂ ಹೇಳುವ ಮಾತು. ಪೂಜಾ ಬಾಗಿಲಲ್ಲಿ ನಿಂತಳು. ಮಧ್ಯಾಹ್ನ ಕಳೆದು ನೆರಳು ಉದ್ದವಾದರೂ ಕದಲಲಿಲ್ಲ. ಒಮ್ಮೆ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಎಲೆ ಚೆಲ್ಲಾಪಿಲ್ಲಿಯಾಗಿತ್ತು.

“ಆಯಿ, ಅವ್ವ ಯಾವಾಗ ಬಂದಿದ್ಲು? ನಾ ನೋಡಲಿಲ್ಲ” ಎಂದು ತನ್ನ ಅಜ್ಜಿಯನ್ನು ಕೇಳಿದಳು.

“ಬಂದಾಳ ಬಿಡು. ಕಣ್ಣಿಗಿ ಕಾಣಂಗಿಲ್ಲ ಅವರು.”

ಕೆಲವು ದಿನಗಳ ನಂತರ ನಾನು ಸೊಪ್ಪು ಬಿಡಿಸುತ್ತಿದ್ದಾಗ ಪೂಜಾ ಬಂದು ಪಕ್ಕದಲ್ಲಿ ಕುಳಿತಳು.

“ದೊಡ್ಡವ್ವಾ, ಸಾಲ್ಯಾಗ ಒಬ್ಬಾಕಿ ಹೇಳಿದ್ಲು, ಸತ್ತು ಮತ್ತ ಮನಿಗಿ ಬರೋರು ದೆವ್ವ ಅಂತ. ಅವ್ವ ಈಗ ದೆವ್ವ ಏನು?”

“ಹಂಗೆಲ್ಲ ಅನಬಾರ್ದು” ಎಂದೆ. ಅದು ಉತ್ತರವಲ್ಲ ಎಂದು ನನಗೂ ಗೊತ್ತಿತ್ತು, ಅವಳಿಗೂ. ಕೈಯಲ್ಲಿದ್ದ ಸೊಪ್ಪಿನ ಎಲೆಯನ್ನು ಎಸೆದು ದಂಟನ್ನು ಪಾತ್ರೆಗೆ ಹಾಕುತ್ತಿದ್ದೆ. ಅವಳು ಅದನ್ನು ತೆಗೆದು ಸರಿ ಮಾಡಿ ಎದ್ದು ಹೋದಳು.

ಎಳ್ಳ ಅಮವಾಸ್ಯೆ ಹತ್ತಿರ ಬಂತು. ಸಾವಾದ ವರ್ಷ ನಮ್ಮಲ್ಲಿ ಹಬ್ಬ ಮಾಡುವುದಿಲ್ಲ. ಆದರೆ ಭೂಮಿಗೆ ಚರಗ ತಪ್ಪಿಸುವಂತಿಲ್ಲ. “ಚರಗ ಆಗ್ಲಿ. ಆಟ ಬ್ಯಾಡ” ಎಂದರು ಅತ್ತೆ. ಆಟ ಎಂದರೆ ಏನೆಂದು ಯಾರೂ ಕೇಳಲಿಲ್ಲ. ಪೂಜಾ ಮಾತ್ರ ತಲೆಯೆತ್ತಿ, “ದೆವ್ವದ ಕಡಬು ಮಾಡಬೇಕು” ಎಂದಳು. ಅತ್ತೆ ಇಲ್ಲ ಎಂದರು. ಮಾಡುವ ತನಕ ನಾನು ಉಣ್ಣುವುದಿಲ್ಲ ಎಂದಳು ಪೂಜಾ.

ಮಕ್ಕಳು ಹೀಗೆ ಹೇಳುತ್ತಾರೆ, ಹಸಿವಾದರೆ ಮರೆಯುತ್ತಾರೆ. ಇವಳು ಮರೆಯಲಿಲ್ಲ. ಅಮವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ತಟ್ಟೆ ದೂಡಿದಳು. ಮಧ್ಯಾಹ್ನ ಶರಣಪ್ಪ ತೊಡೆಯ ಮೇಲೆ ಕೂಡಿಸಿಕೊಂಡು ತುತ್ತು ಹಿಡಿದ, ಬಾಯಿ ತೆರೆಯಲಿಲ್ಲ. ಮೊದಲೇ ಸೊರಗಿದ ಹುಡುಗಿ. ಸಂಜೆ ಅವಳ ಅಂಗೈ ಮುಟ್ಟಿ ನೋಡಿದೆ. ತಣ್ಣಗಿತ್ತು. ಜ್ವರವಿಲ್ಲ ಎಂದು ನೂರು ಸಲ ಅಂದುಕೊಂಡೆ. ಆ ಮನೆಯಲ್ಲಿ ಆಗ ಯಾರಾದರೂ ಕೆಮ್ಮಿದರೂ ಎಲ್ಲರೂ ಕೆಲಸ ನಿಲ್ಲಿಸುತ್ತಿದ್ದೆವು.

ಬೆಳಗಿನ ಜಾವ ಎದ್ದು ಸಜ್ಜೆ ಹಿಟ್ಟಿನ ಡಬ್ಬಿ ಇಳಿಸಿದಾಗ ಅದರ ಹಿಂದಿನಿಂದ ಹಸಿರು ಹಣಿಗೆ ಬಿತ್ತು. ಅತ್ತೆಯ ಕಣ್ಣಿಗೆ ಬೀಳಬಾರದೆಂದು ಅಲ್ಲಿ ಬಚ್ಚಿಟ್ಟಿದ್ದಳು. ಜ್ವರ ಬರುವ ಮುಂಚೆ ಅವಳು ಅಡುಗೆಮನೆಯಲ್ಲಿ ಮಾಡಿದ ಕೊನೆಯ ಕೆಲಸ ಅದೇ ಇರಬೇಕು. ನಾನು ಅದನ್ನು ತೊಳೆದೆ, ಕುದಿಯುವ ನೀರಿನಲ್ಲಿ ಅದ್ದಿದೆ. ಹಿಟ್ಟು ತಟ್ಟಿ, ಒತ್ತಿದೆ. ಎಲುಬು ಮೂಡಿತು.

ಅತ್ತೆ ಹೊಸ್ತಿಲ ಹತ್ತಿರ ಕುಳಿತು ತೊಗರಿಕಾಯಿ ಸುಲಿಯುತ್ತಿದ್ದರು. ಸಿಪ್ಪೆ ಒಡೆಯುವ ಸಪ್ಪಳ ನಿಂತಿತು.

“ಏನದು ಕೈಯಾಗ?”

“ಹಣಿಗಿ ರಿ. ಸುವರ್ಣಾ ತಂದಿದ್ದು. ಹೊಸದದ, ತಲಿಗಿ ಮುಟ್ಟಿಸಿಲ್ಲ.”

“ಹೆಣ ಎತ್ತಿದ ಮನ್ಯಾಗ ದೆವ್ವ ಮಾಡ್ಲಿಕತ್ತಿ?”

ನಾನು ಮದುವೆಯಾಗಿ ಬಂದಾಗಿನಿಂದ ಅವರಿಗೆ ಎದುರಾಡಿದವಳಲ್ಲ. ಅದಕ್ಕೆಲ್ಲ ಸುವರ್ಣಾ ಇದ್ದಳು.

“ಹುಡುಗಿ ನಿನ್ನಿಂದ ಉಂಡಿಲ್ಲರಿ ಅತ್ತಿ” ಎಂದೆ.

ಅವರು ನನ್ನನ್ನು ನೋಡುತ್ತಲೇ ಇದ್ದರು. ನಾನು ಹಿಟ್ಟನ್ನು ನೋಡುತ್ತಿದ್ದೆ. ಹೊರಗಿನಿಂದ ಶರಣಪ್ಪ ಬಂದವನು ಬಾಗಿಲಲ್ಲಿ ನಿಂತು ಹಣಿಗೆ ನೋಡಿ, “ಮಾಡ್ರಿ ವೈನಿ” ಎಂದು ಹೇಳಿ ನಿಲ್ಲಲಾರದೆ ಹೊರಟುಹೋದ. ಅತ್ತೆ ಹೂಂ ಎನ್ನಲಿಲ್ಲ, ಬೇಡವೆನ್ನಲಿಲ್ಲ. ಸುಲಿದ ಕಾಳಿನ ತಟ್ಟೆಯನ್ನು ನನ್ನ ಕಡೆ ಕಾಲಿನಿಂದ ದೂಡಿ ಎದ್ದು ಹೋದರು. ಸಿಟ್ಟೋ ಅನುಮತಿಯೋ ತಿಳಿಯದೆ ನಾನು ಅದರಿಂದ ಕಣ್ಣಿಗೆ ಕಾಳು ಆರಿಸಿಕೊಂಡೆ.

ನನ್ನ ದೆವ್ವಗಳು ಚೆನ್ನಾಗಿ ಬರಲಿಲ್ಲ. ಹಲ್ಲುನೋವಿಗೆ ಕೆನ್ನೆ ಊದಿಸಿಕೊಂಡ ಮಾಸ್ತರರ ಹಾಗಿದ್ದವು. ಪೂಜಾ ಬಂದು ಒಲೆಯ ಮುಂದೆ ತನ್ನ ಜಾಗದಲ್ಲಿ ನಿಂತಳು. ಪಾತ್ರೆಯೊಳಗೆ ನೀರು ಕೊತಕೊತ ಎನ್ನುತ್ತಿತ್ತು. ಮುಚ್ಚಳಕ್ಕೆ ಕೈ ಹಾಕಿದೆ. ಶರಣಪ್ಪ ಹೊರಗೆ ಟ್ರ್ಯಾಕ್ಟರಿಗೆ ಚಾಪೆ ಹಾಕುತ್ತಿದ್ದ ಸಪ್ಪಳವೂ ನಿಂತಿತ್ತು. ತೆಗೆದೆ. ಹಬೆ ಎದ್ದಿತು.

ಏನೂ ಕೇಳಿಸಲಿಲ್ಲ.

ಪೂಜಾ ತಿರುಗಿ ಬಾಗಿಲ ಹಿಂದೆ ಹೋಗಿ ನೋಡಿ ಬಂದಳು. ಮುಖದಲ್ಲಿ ಯಾವ ಬದಲಾವಣೆಯೂ ಇರಲಿಲ್ಲ. “ಹೊಲಕ್ಕ ಬರ್ತಾಳೇನೋ” ಎಂದಳು, ತನಗೆ ತಾನೇ. ಅವಳು ಹಟ ಹಿಡಿದದ್ದು ಕಡಬಿಗಲ್ಲ ಎಂಬ ಅನುಮಾನ ಆಗ ಬಂತು. ಯಾರಿಗಾದರೂ ಹೇಳಬೇಕಿತ್ತು, ಯಾರಿಗೆ ಹೇಳಲಿ? ದೆವ್ವಗಳ ಬುಟ್ಟಿಯನ್ನು ಅವಳು ಯಾರಿಗೂ ಮುಟ್ಟಗೊಡಲಿಲ್ಲ. ಟ್ರ್ಯಾಕ್ಟರಿನ ಕುಲುಕಾಟಕ್ಕೆ ಎರಡೂ ಕೈಯಿಂದ ಅಪ್ಪಿ ಹಿಡಿದು ಕುಳಿತಳು. ದಾರಿಯುದ್ದಕ್ಕೂ ನಾನು ಅವಳ ತುಟಿಗಳನ್ನೇ ನೋಡುತ್ತಿದ್ದೆ. ಒಣಗಿ ಬಿಳಿಚಿದ್ದವು.

ನಮ್ಮ ಪಕ್ಕದ ಮನೆಯ ಮೆಹರೂನ್ ಆಪಾ ಪ್ರತಿ ವರ್ಷದ ಹಾಗೆ ಬಂದಿದ್ದರು. ಹೊಲದಲ್ಲಿ ತೊಗರಿ ಕಾಯಿಕಟ್ಟಿ ಬಾಗಿತ್ತು. ಶರಣಪ್ಪ ಚರಗ ಚೆಲ್ಲಿ ಬಂದ. ಪ್ರತಿ ವರ್ಷ ಹೊಲದ ಆ ತುದಿಗೆ ಕೇಳುವ ಹಾಗೆ ಕೂಗುತ್ತಿದ್ದವನ ಧ್ವನಿ ಈ ಸಲ ನಾಲ್ಕು ಸಾಲು ದಾಟಲಿಲ್ಲ. ಗಿಡದ ನೆರಳಿನಲ್ಲಿ ಎಲ್ಲರೂ ಕುಳಿತೆವು. ಯಾರೂ ಮಾತಾಡದ್ದನ್ನು ನೋಡಲಾರದೆ ಆಪಾ ಬುಟ್ಟಿಯೊಳಗೆ ಇಣುಕಿದರು.

“ಇವು ದೆವ್ವ ಏನ್ರಿ? ನಮ್ಮ ಮನಿಯವರು ಮುಂಜಾನಿ ಎದ್ದಾಗ ಹಿಂಗೇ ಕಾಣ್ತಾರ. ನಾ ಹೆದರಂಗಿಲ್ಲ.”

ನಮ್ಮವರು, ಅಂದರೆ ನನ್ನ ಗಂಡ, ಸ್ವಲ್ಪ ನಕ್ಕು ಒಂದು ಕಡಬಿಗೆ ಕೈ ಚಾಚಿದರು. ಪೂಜಾ ಬುಟ್ಟಿಯ ಮೇಲೆ ಮೈ ಹಾಕಿ ಮಲಗಿಬಿಟ್ಟಳು.

“ಕಡೀಬ್ಯಾಡ್ರಿ ದೊಡ್ಡಪ್ಪಾ. ತಲಿ ಕಡದ್ರ ಅವ್ವಗ ನೋಯ್ತದ.”

ಚಾಚಿದ ಕೈಯನ್ನು ಅವರು ಹಿಂದಕ್ಕೆ ತೆಗೆದುಕೊಂಡರು.

“ಇದರಾಗ ಒಂದು ಅವ್ವ ಅದ” ಎಂದಳು. “ಅಮಾಸಿಗಿ ಉಣ್ಣಾಕ ಬರ್ತಾಳ ಅಂತ ಆಯಿ ಹೇಳ್ಯಾಳ. ಕಣ್ಣಿಗಿ ಕಾಣಂಗಿಲ್ಲ ಅಂದಾಳ. ಅದಕ್ಕ ನಾ ದೆವ್ವ ಮಾಡಸ್ದೆ. ಯಾವದು ಅಂತ ಇನ್ನಾ ಗೊತ್ತಾಗವಲ್ದು. ಗೊತ್ತಾಗೋ ತನಕ ಯಾರೂ ತಿನ್ನಬ್ಯಾಡ್ರಿ.”

ಬುಟ್ಟಿಯಿಂದ ಒಂದೊಂದನ್ನೇ ಎತ್ತಿ ಮುಖದ ಹತ್ತಿರ ಹಿಡಿದು ನೋಡುತ್ತ, ಪಕ್ಕಕ್ಕಿಡುತ್ತ ಹೋದಳು. ಶರಣಪ್ಪ ಎದ್ದು ತೊಗರಿಯ ಕಡೆ ಮುಖ ಮಾಡಿ ನಿಂತ. ನಾನು ಅತ್ತೆಯನ್ನು ನೋಡಿದೆ. ಸಮಾಧಾನಕ್ಕೆ ಆಡಿದ ತಮ್ಮ ಮಾತನ್ನು ಹುಡುಗಿ ಇಷ್ಟು ದಿನ ಹೊತ್ತು ತಿರುಗಿದ್ದು ಅವರಿಗೆ ಆಗ ಗೊತ್ತಾಗಿತ್ತು. ಮುಖ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಈಗ ಬೈಯುತ್ತಾರೆ, ಎಲ್ಲರೆದುರು ನನ್ನನ್ನೇ ಬೈಯುತ್ತಾರೆ, ಹುಡುಗಿ ಇನ್ನು ಯಾರ ಕೈಯಿಂದಲೂ ಉಣ್ಣುವುದಿಲ್ಲ ಎಂದುಕೊಂಡೆ.

ಅತ್ತೆ ಕುಳಿತಲ್ಲಿಂದಲೇ ಸರಿದು ಬಂದರು. ಒಂದು ಕಡಬು ತೆಗೆದುಕೊಂಡರು. ಪೂಜಾ ಅವರ ಮುಂಗೈ ಹಿಡಿದಳು. ಅತ್ತೆ ಕೈ ಬಿಡಿಸಿಕೊಳ್ಳಲಿಲ್ಲ. ಆ ಹಿಡಿತದ ಸಮೇತ ಕೈಯನ್ನು ಬಾಯಿಗೆ ತಂದು, ಇದ್ದ ನಾಲ್ಕು ದವಡೆ ಹಲ್ಲುಗಳಿಗೆ ಸರಿಸಿ, ದೆವ್ವದ ತಲೆ ಕಡಿದರು. ಪೂಜಾ ಕಣ್ಣು ಮುಚ್ಚಿಕೊಂಡಳು.

ಅತ್ತೆ ನಿಧಾನವಾಗಿ ಅಗಿದರು.

“ಉಪ್ಪು” ಎಂದರು. ತಂಬಿಗೆ ಹತ್ತಿರ ಎಳೆದುಕೊಂಡರು. “ಇಷ್ಟು ಉಪ್ಪು ಹಾಕಾಕಿ ಈ ಮನ್ಯಾಗ ಒಬ್ಬಾಕೀನೇ. ಇದು ನಿಮ್ಮವ್ವ ಅಲ್ಲ ಪೂಜಾ. ಅಕಿ ಕೈ ರುಚಿ ನನಗ ಗೊತ್ತಿಲ್ಲೇನು? ಇವು ಎಲ್ಲಾ ನಿಮ್ಮ ದೊಡ್ಡವ್ವನ ದೆವ್ವ. ತಿಂದು ನೋಡು.”

ಪೂಜಾ ಕಣ್ಣು ತೆರೆದಳು. ಉಳಿದ ಚೂರಿನ ಅಂಚನ್ನು ನಾಲಗೆಯಿಂದ ಮುಟ್ಟಿ ನೋಡಿದಳು. ಮತ್ತೊಮ್ಮೆ ನೋಡಿದಳು.

“ಹೌದು” ಎಂದಳು. “ದೊಡ್ಡವ್ವಂದು.” ನನ್ನ ಕಡೆ ತಿರುಗಿ ನೋಡಿದ ಅವಳ ನೋಟದಲ್ಲಿ ದೂರು ಇತ್ತು. ನಾನು ತಲೆ ತಗ್ಗಿಸಿದೆ. ಜೀವನದಲ್ಲಿ ಮೊದಲ ಸಲ ನನ್ನ ಉಪ್ಪಿನ ಕೈಗೆ ಕೆಲಸ ಸಿಕ್ಕಿತ್ತು, ಆದರೂ ತಪ್ಪು ಮಾಡಿದವಳಂತೆ ಕುಳಿತಿದ್ದೆ.

“ಹಂಗಾದ್ರ ಅವ್ವ ಎಲ್ಲಿ ಅದಾಳ ಆಯಿ?”

ಅತ್ತೆ ನೀರು ಕುಡಿದು ತಂಬಿಗೆ ಇಟ್ಟರು. “ನನಗ ಗೊತ್ತಿಲ್ಲವ್ವಾ” ಎಂದರು. “ಅವತ್ತ ಸುಮ್ಮ ಹೇಳ್ದೆ. ಖರೇನ ಗೊತ್ತಿಲ್ಲ.”

ಪೂಜಾ ಬುಟ್ಟಿಯಿಂದ ಒಂದು ದೆವ್ವ ಎತ್ತಿ, ಭಜ್ಜಿಯಲ್ಲಿ ಅದ್ದಿ, ತಲೆ ಕಡಿದಳು. ಹೆಸರಿಡಲಿಲ್ಲ. ಇನ್ನೊಂದು ತಿಂದಳು. ಮೂರನೆಯದಕ್ಕೆ ಆಪಾ, “ಜರಾ ಸಾವಕಾಶ ಬೇಟಾ, ನೀರು ಕುಡಿ” ಎಂದು ಬೆನ್ನು ಸವರಿದಾಗ ಅತ್ತಳು. ಬಾಯಲ್ಲಿ ಕಡಬು ಇಟ್ಟುಕೊಂಡೇ, ಸದ್ದು ಮಾಡಿ, ಮೂಗು ಸೋರಿಸಿಕೊಂಡು ಅತ್ತಳು. ಶರಣಪ್ಪ ಓಡಿ ಬಂದು ಎತ್ತಿಕೊಂಡ. ಅತ್ತೆ ಅವಳು ಪಕ್ಕಕ್ಕಿಟ್ಟಿದ್ದ ಕಡಬುಗಳನ್ನು ಎಲ್ಲರ ತಾಟಿಗೂ ಹಾಕಿದರು. ಉಪ್ಪಾಗಿತ್ತು, ಖರೇ. ಎಲ್ಲರೂ ತಿಂದೆವು.

ಆಮೇಲೂ ಎಳ್ಳ ಅಮವಾಸ್ಯೆಗಳು ಬಂದು ಹೋಗಿವೆ. ಹಸಿರು ಹಣಿಗೆ ಈಗ ಅಡುಗೆಮನೆಯಲ್ಲಿ ಸೌಟುಗಳ ಜೊತೆಗೇ ತೂಗುತ್ತದೆ, ಬಚ್ಚಿಡುವ ಅಗತ್ಯವಿಲ್ಲ. ಕಣ್ಣು, ಹಲ್ಲು ಇಡುವ ಕೆಲಸ ಪೂಜಾಳದು. ನನ್ನ ಮಾಸ್ತರರಿಗಿಂತ ಅವಳ ದೆವ್ವಗಳು ಭಯಂಕರವಾಗಿರುತ್ತವೆ. ಹಿಟ್ಟಿಗೆ ಉಪ್ಪು ಹಾಕುವುದು ಅತ್ತೆ. ಆ ದಿನ ಉಪ್ಪಿನ ಭರಣಿಯನ್ನು ನನ್ನ ಕೈಗೆ ಕೊಡುವುದಿಲ್ಲ. ಶರಣಪ್ಪ ಚರಗದಲ್ಲಿ ಮತ್ತೆ ಹೊಲದ ತುದಿಗೆ ಕೇಳುವಂತೆ ಕೂಗುತ್ತಾನೆ. ಮುಚ್ಚಳ ಮಾತ್ರ ಈಗಲೂ ನಾನೇ ತೆಗೆಯುತ್ತೇನೆ. ಪೂಜಾ ನನ್ನ ಭುಜದವರೆಗೆ ಬಂದಿದ್ದಾಳೆ, ಆದರೂ ಒಲೆಯ ಮುಂದೆ ಅದೇ ಜಾಗದಲ್ಲಿ ನಿಲ್ಲುತ್ತಾಳೆ. ಹಬೆ ಏಳುತ್ತದೆ. ಇಬ್ಬರೂ ಬಾಗಿಲ ಕಡೆ ಕಿವಿಗೊಡುತ್ತೇವೆ. ಮುಚ್ಚಳ ನನ್ನ ಕೈಯಿಂದ ಬೀಳುವುದಿಲ್ಲ.

ಬಾಗಿಲ ಹಿಂದಿನಿಂದ ಯಾರೂ ಕೂಗುವುದಿಲ್ಲ.